ಕಾಂಟ್ರಾ: ಎರಡು ರಿಮೋಟ್ ಹಿಡಿದು ಆಡುವ ಗೇಮ್

ಶತ್ರುಗಳಿಗೆ ಗುಂಡು ಹಾರಿಸುತ್ತ ಮುಂದೆ ಸಾಗುವ ವಿಡಿಯೋ ಗೇಮ್ ಕಾಂಟ್ರಾ ಒಬ್ಬರೇ ಆಡಿದರೂ ಚೆನ್ನಾಗಿದೆ. ಆದರೆ ಪಕ್ಕದಲ್ಲಿ ಇನ್ನೊಬ್ಬರು ಎರಡನೇ ರಿಮೋಟ್ ಹಿಡಿದು ಕೂತರೆ ಅದು ಬೇರೆಯೇ ಗೇಮ್. ದಾವಣಗೆರೆಯ ನಮ್ಮ ಮನೆಯಲ್ಲಿ ತೊಂಬತ್ತರ ದಶಕದ ಕೊನೆಗೆ ನಾನೂ ತಮ್ಮನೂ ಇದನ್ನು ಆಡಿಕೊಂಡೇ ಬೆಳೆದೆವು. ಈಗ ಮಗಳ ಜೊತೆ ಮತ್ತೆ ಪೂರ್ತಿ ಆಡಿ ಮುಗಿಸಿದ್ದೇನೆ. ಹಳೆಯ ಪ್ರೀತಿ ಪಕ್ಕಕ್ಕಿಟ್ಟು ನೋಡಿದರೂ ಇಷ್ಟು ಗಟ್ಟಿಯಾಗಿ ಕಟ್ಟಿದ ಗೇಮ್ ಇವತ್ತಿಗೂ ಕಡಿಮೆ ಅನ್ನಿಸಿತು.

ಜಪಾನಿನ ಕೊನಾಮಿ ಕಂಪನಿ 1987ರಲ್ಲಿ ಇದನ್ನು ಆರ್ಕೇಡ್ ಯಂತ್ರಕ್ಕೆ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಕ್ಕೆ, ಮಾಡಿತ್ತು. 1988ರ ಫೆಬ್ರವರಿಯಲ್ಲಿ ಮನೆಯ ಟಿವಿಗೆ ಜೋಡಿಸಿ ಆಡುವ ನಿಂಟೆಂಡೋದ ಯಂತ್ರ ಫ್ಯಾಮಿಕಾಂಗೆ ಬಂತು. ಫ್ಯಾಮಿಕಾಂ 1983ರ ಯಂತ್ರ, ಅದರ ಕೆಲಸದ ಮೆಮೊರಿ ಬರೀ 2 ಕೆಬಿ. ನಮ್ಮ ಮನೆಗೆ ಬಂದಿದ್ದು ಅದರ ನಕಲು. ಅಂಗಡಿಯಲ್ಲಿ ಟಿವಿ ಗೇಮ್ ಅಂತ ಕೇಳಿದರೆ ಕೊಡುತ್ತಿದ್ದದ್ದು ಅದನ್ನೇ. ಹಳದಿ ಕ್ಯಾಸೆಟ್ ಸಿಕ್ಕಿಸಿ, ಟಿವಿಯಲ್ಲಿ ಚಾನೆಲ್ ಟ್ಯೂನ್ ಮಾಡಿ, ಕರೆಂಟ್ ಹೋಗದಿರಲಿ ಅಂತ ಬೇಡಿಕೊಂಡು ಆಡುತ್ತಿದ್ದೆವು. ಸೇವ್ ಮಾಡುವ ವ್ಯವಸ್ಥೆ ಇಲ್ಲವಲ್ಲ, ಕರೆಂಟ್ ಹೋದರೆ ಮತ್ತೆ ಮೊದಲ ಸ್ಟೇಜಿನ ಕಾಡಿನಿಂದಲೇ ಶುರು.

ಆಟ ಸರಳ. ಒಂದು ಬಟನ್ ಗುಂಡು ಹಾರಿಸಲು, ಒಂದು ಜಿಗಿಯಲು. ನಿಂತರೆ ನೇರ ಮೇಲಕ್ಕೆ, ಓಡುತ್ತಿದ್ದರೆ ಓರೆಯಾಗಿ ಗುಂಡು ಹಾರಿಸಬಹುದು. ಮಲಗಿದರೆ ಶತ್ರುವಿನ ಗುಂಡು ತಲೆ ಮೇಲೆ ಹಾದುಹೋಗುತ್ತದೆ. ನೀರಿನಲ್ಲಿದ್ದಾಗ ಕೆಳಗಿನ ಬಾಣ ಒತ್ತಿದರೆ ಮುಳುಗಿ ತಪ್ಪಿಸಿಕೊಳ್ಳಬಹುದು. ಒಂದೇ ಏಟಿಗೆ ಸಾವು, ಇರುವುದು ಮೂರು ಲೈಫ್. ಕೇಳಿದರೆ ಭಯ ಆಗುತ್ತದೆ, ಅಲ್ವಾ? ಆದರೆ ಶತ್ರುವಿನ ಗುಂಡು ಕಣ್ಣಿಗೆ ಕಾಣುವಷ್ಟು ನಿಧಾನ. ಜಿಗಿದ ಮೇಲೆ ಗಾಳಿಯಲ್ಲೂ ದಿಕ್ಕು ಬದಲಿಸಬಹುದು. ಸತ್ತರೆ ಅಲ್ಲೇ ತಕ್ಷಣ ಮತ್ತೆ ಬರುತ್ತೀರಿ, ಕೈಯಲ್ಲಿದ್ದ ಒಳ್ಳೆಯ ಗನ್ ಮಾತ್ರ ಹೋಗಿರುತ್ತದೆ. ಯಾಕೆ ಸತ್ತೆ ಅಂತ ಸಾಮಾನ್ಯವಾಗಿ ಆ ಕ್ಷಣವೇ ಗೊತ್ತಾಗುತ್ತದೆ. ಅದಕ್ಕೇ ಸಿಟ್ಟು ಬರುವುದಿಲ್ಲ, ಇನ್ನೊಂದು ಸಲ ಅನ್ನಿಸುತ್ತದೆ.

ಈಗ ಇಬ್ಬರ ವಿಷಯ. ನೀಲಿ ಪ್ಯಾಂಟಿನವನು ಬಿಲ್, ಕೆಂಪು ಪ್ಯಾಂಟಿನವನು ಲ್ಯಾನ್ಸ್. ಇಬ್ಬರ ಗುಂಡೂ ಪರಸ್ಪರ ತಾಗುವುದಿಲ್ಲ. ಆದರೂ ಈ ಗೇಮ್ ಇಬ್ಬರನ್ನೂ ಒಬ್ಬರಿಗೊಬ್ಬರು ಕಟ್ಟಿಹಾಕಿದೆ. ಮೂರನೇ ಸ್ಟೇಜ್ ಜಲಪಾತವನ್ನೇ ನೋಡಿ. ಅಲ್ಲಿ ಸ್ಕ್ರೀನ್ ಮೇಲಕ್ಕೆ ಸರಿಯುತ್ತದೆ. ಒಬ್ಬರು ಅವಸರ ಮಾಡಿ ಹತ್ತಿದರೆ ಹಿಂದೆ ಉಳಿದವರ ಕಾಲ ಕೆಳಗಿನ ಬಂಡೆ ಸ್ಕ್ರೀನಿನಿಂದ ಮಾಯ, ಅವರು ಸತ್ತ ಹಾಗೇ. "ಅಮ್ಮಾ ನಿಲ್ಲು, ನಾನಿನ್ನೂ ಕೆಳಗಿದ್ದೀನಿ!" ಅಂತ ಮಗಳು ಕೂಗುತ್ತಾಳೆ. ಮೇಲಿಂದ ಬಂಡೆಗಲ್ಲು ಉರುಳಿ ಬರುತ್ತಿರುವಾಗ ನಿಲ್ಲುವುದು ಸುಲಭ ಅಲ್ಲ. ಆದರೂ ನಿಲ್ಲಬೇಕು. ಎರಡು ಸಲ ಆಡುವಷ್ಟರಲ್ಲಿ ಇಬ್ಬರೂ ಮಾತಿಲ್ಲದೆಯೇ ಜೊತೆಯಾಗಿ ಜಿಗಿಯುವುದನ್ನು ಕಲಿತುಬಿಡುತ್ತಾರೆ.

ಒಬ್ಬರ ಲೈಫ್ ಎಲ್ಲ ಮುಗಿದರೆ ಎ ಬಟನ್ ಒತ್ತಿ ಇನ್ನೊಬ್ಬರ ಲೈಫ್ ತೆಗೆದುಕೊಳ್ಳಬಹುದು. ಅನುಮತಿ ಕೇಳುವ ಹಾಗಿಲ್ಲ, ಗೇಮ್ ಸುಮ್ನೆ ಕೊಟ್ಟುಬಿಡುತ್ತದೆ. ಇದರ ಮೇಲೆ ನಮ್ಮ ಮನೆಯಲ್ಲಿ ಆದ ಜಗಳ ಒಂದೆರಡಲ್ಲ. ಎಸ್ ಗನ್ ಬಿದ್ದಾಗಲೂ ಅದೇ ಕಥೆ. ಒಂದೇ ಸಲಕ್ಕೆ ಐದು ಗುಂಡು ಬೀಸಣಿಗೆ ಬಿಚ್ಚಿದಂತೆ ಹರಡುವ ಗನ್ ಅದು. "ಅಕ್ಕಾ, ಇದು ನಂಗೆ ಬಿಡು, ನಿನ್ನ ಹತ್ರ ಎಮ್ ಗನ್ ಇದೆಯಲ್ಲ" ಅಂತ ತಮ್ಮ ಗೋಗರೆಯುತ್ತಿದ್ದ. ಬಿಟ್ಟುಕೊಟ್ಟರೆ ಬಾಸ್ ಬೇಗ ಸಾಯುತ್ತಾನೆ, ಬಿಡದಿದ್ದರೆ ತಮ್ಮನ ಲೈಫ್ ಹೋಗಿ ಅವನು ನನ್ನದಕ್ಕೇ ಕೈ ಹಾಕುತ್ತಾನೆ. ಇಷ್ಟು ಚೆನ್ನಾಗಿ ಹೆಣೆದ ಲೆಕ್ಕ ಬೇರೆ ಗೇಮುಗಳಲ್ಲಿ ನಾನು ಹೆಚ್ಚು ನೋಡಿಲ್ಲ.

ಕೊರತೆಗಳೂ ಇವೆ. ಎಸ್ ಗನ್ ಎಷ್ಟು ಒಳ್ಳೆಯದೆಂದರೆ ಉಳಿದವು ಮಂಕಾಗುತ್ತವೆ. ಸುರುಳಿ ಸುತ್ತುತ್ತ ಹೋಗುವ ಬೆಂಕಿಯ ಎಫ್ ಕಂಡರೆ ನಾನು ಪಕ್ಕಕ್ಕೆ ಸರಿಯುತ್ತೇನೆ. ಎಲ್ ಅಂದರೆ ಲೇಸರ್, ಅದಕ್ಕೆ ಬಲ ಜಾಸ್ತಿ, ಆದರೆ ಅವಸರದಲ್ಲಿ ಮತ್ತೆ ಒತ್ತಿದರೆ ಮೊದಲು ಬಿಟ್ಟ ಕಿರಣವೇ ಕಾಣೆ. ಎರಡು ಮತ್ತು ನಾಲ್ಕನೇ ಸ್ಟೇಜಿನಲ್ಲಿ ಆಟಗಾರನ ಬೆನ್ನ ಹಿಂದಿನಿಂದ ನೋಡುತ್ತ ಕಾರಿಡಾರಿನಲ್ಲಿ ಮುಂದೆ ಹೋಗಬೇಕು. ಮೊದಲನೆಯದು ಹೊಸತನ, ಎರಡನೆಯದು ಅದರದ್ದೇ ಇನ್ನೊಂದು ರೂಪ. ಸ್ಕ್ರೀನಿನಲ್ಲಿ ಶತ್ರುಗಳು ಜಾಸ್ತಿ ಸೇರಿದರೆ ಚಿತ್ರ ಮಿಣುಕುತ್ತದೆ. ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ಚಿತ್ರದ ತುಂಡುಗಳನ್ನು ಫ್ಯಾಮಿಕಾಂ ತೋರಿಸಲಾರದು.

ಯಾವ ಯಂತ್ರದಲ್ಲಿ ಆಡಬೇಕು? ನಾನು ಎರಡರಲ್ಲಿ ಆಡಿದೆ. ಒಂದು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ ಅಗ್ಗದ ಟಿವಿ ಗೇಮ್. ಹಳದಿ, ಬಿಳಿ ಪಿನ್ ಚುಚ್ಚಿದರೆ ಆಯಿತು, ಕಾಂಟ್ರಾ ಒಳಗೇ ಇದೆ. ಆದರೆ ಅದರ ರಿಮೋಟ್ ನಿರಾಸೆ ಮಾಡಿತು. ಓರೆ ದಿಕ್ಕು ಒತ್ತಿದರೆ ಹಲವು ಸಲ ನೇರ ದಿಕ್ಕೇ ಬೀಳುತ್ತದೆ. ಓರೆ ಗುಂಡು ಇಲ್ಲದೆ ಕಾಂಟ್ರಾ ಆಡುವುದು ಹೇಗೆ? ಎಲ್‌ಇಡಿ ಟಿವಿಯಲ್ಲಿ ಬಟನ್ ಒತ್ತಿದ್ದಕ್ಕೂ ಜಿಗಿದದ್ದಕ್ಕೂ ನಡುವೆ ಸ್ವಲ್ಪ ತಡ ಬೇರೆ. ಟಿವಿ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿದರೆ ಅದು ಎಷ್ಟೋ ಕಡಿಮೆ ಆಗುತ್ತದೆ. ಜೊತೆಗೆ ಕೊಡುವ ಪಿಸ್ತೂಲ್ ನೋಡಿ ಮರುಳಾಗಬೇಡಿ. ಹಳೆಯ ಬಾತುಕೋಳಿ ಗೇಮಿನ ಆ ಪಿಸ್ತೂಲು ಹಳೆಯ ಪಿಕ್ಚರ್ ಟ್ಯೂಬ್ ಟಿವಿಗೆ ಮಾಡಿದ್ದು, ಎಲ್‌ಇಡಿಯಲ್ಲಿ ಗುರಿ ಹಿಡಿಯುವುದಿಲ್ಲ.

ಇನ್ನೊಂದು, ಕೊನಾಮಿಯೇ 2019ರಲ್ಲಿ ತಂದ ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್. ಸ್ವಿಚ್, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್, ಕಂಪ್ಯೂಟರ್ ಎಲ್ಲದಕ್ಕೂ ಇದೆ. ಜಪಾನಿನ ಫ್ಯಾಮಿಕಾಂ ಆವೃತ್ತಿಯೂ ಇದರಲ್ಲಿದೆ. ಅದನ್ನೇ ಆಡಿ. ಕಾಡಿನ ಎಲೆಗಳು ಅಲ್ಲಾಡುತ್ತವೆ, ಐದನೇ ಸ್ಟೇಜಿನಲ್ಲಿ ಹಿಮ ಬೀಳುತ್ತದೆ. ಅಮೆರಿಕದ ಆವೃತ್ತಿಯಲ್ಲಿ ಇವೆರಡೂ ಇಲ್ಲ.

ನಮ್ಮ ಕಾಲದವರಿಗೆ ಒಂದು ಎಚ್ಚರಿಕೆ. ಇದು ನಿಮ್ಮ ನೆನಪಿಗಿಂತ ವೇಗವಾಗಿ ಓಡುತ್ತದೆ. ಜಪಾನ್, ಅಮೆರಿಕದ ಟಿವಿಗೆ ತಕ್ಕಂತೆ ಗೇಮ್ ಸೆಕೆಂಡಿಗೆ 60 ಚಿತ್ರದ ಲೆಕ್ಕದಲ್ಲಿ ನಡೆಯುತ್ತದೆ. ಪಾಲ್ ಎಂಬ ಬೇರೆ ಪದ್ಧತಿಯ ನಮ್ಮ ಟಿವಿಗೆ ಮಾಡಿದ ನಕಲು ಯಂತ್ರಗಳು 50 ಚಿತ್ರಕ್ಕೆ ಇಳಿಸಿದ್ದವು. ಓಟ, ಜಿಗಿತ, ಗುಂಡು, ಹಾಡಿನ ತಾಳ ಎಲ್ಲವೂ ಆರನೇ ಒಂದು ಭಾಗ ನಿಧಾನ. ದಾವಣಗೆರೆಯಲ್ಲಿ ನನ್ನ ಬೆರಳು ಕಲಿತದ್ದು ಆ ನಿಧಾನದ ಕಾಂಟ್ರಾವನ್ನು. ಹಾಗಾಗಿ ಏಳನೇ ಸ್ಟೇಜಿನ ಮುಳ್ಳುಗೋಡೆಗಳ ಹತ್ತಿರ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಈಗ ನನಗೆ ಈ ವೇಗವೇ ಹೆಚ್ಚು ಇಷ್ಟ.

ಮಕ್ಕಳ ಜೊತೆ ಶುರು ಮಾಡುವವರು 30 ಲೈಫಿನ ಕೋಡ್ ಬಳಸಲು ಹಿಂಜರಿಯಬೇಡಿ. ಕೊನಾಮಿಯದೇ ಗ್ರಾಡಿಯಸ್ ಗೇಮನ್ನು ಫ್ಯಾಮಿಕಾಂಗೆ ತರುವಾಗ ಕಜುಹಿಸಾ ಹಶಿಮೋಟೋ ಪರೀಕ್ಷೆಯ ಅನುಕೂಲಕ್ಕೆ ಅಂತ ಹಾಕಿದ ಕೋಡ್ ಅದು, ಕಾಂಟ್ರಾದಲ್ಲೂ ಅದನ್ನೇ ಇಟ್ಟಿದ್ದಾರೆ. ಟೈಟಲ್ ಬಂದಾಗ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿ. ಇಬ್ಬರು ಆಡುವುದಾದರೆ ಆಮೇಲೆ ಸೆಲೆಕ್ಟ್, ಕೊನೆಗೆ ಸ್ಟಾರ್ಟ್.