ಪುಲಿಕಾಟ್ ದೋಣಿ ವಿಹಾರಕ್ಕೆ ಅಡ್ವಾನ್ಸ್ ಕೊಡಬೇಡಿ

ಬಳ್ಳಾರಿಯಿಂದ ಹೊರಡುವ ತಿರುಪತಿ, ಕಾಳಹಸ್ತಿ ಪ್ಯಾಕೇಜಿನ ಬಾಲಕ್ಕೆ ಈಗ ಆಂಧ್ರ-ತಮಿಳುನಾಡು ಗಡಿಯ ಪುಲಿಕಾಟ್ ಸರೋವರವನ್ನೂ ಕಟ್ಟಿ ಮಾರುತ್ತಿದ್ದಾರೆ. 'ಫ್ಲೆಮಿಂಗೊ ಹಕ್ಕಿಗಳ ನಡುವೆ ದೋಣಿ ವಿಹಾರ' ಅಂತ ವಾಟ್ಸಾಪ್‌ನಲ್ಲಿ ಪೋಸ್ಟರ್ ಬಂತು. ನಮ್ಮ ಓಣಿಯವರೆಲ್ಲ ಅದಕ್ಕಂತಲೇ ಹೆಚ್ಚು ದುಡ್ಡು ಕಟ್ಟಿ, ಮೇ ತಿಂಗಳ ರಜೆಯಲ್ಲಿ ಹೋದೆವು.

ಸೂಳ್ಳೂರುಪೇಟೆಯಿಂದ ಶ್ರೀಹರಿಕೋಟಾಕ್ಕೆ ಹೋಗುವ ರಸ್ತೆ ಸರೋವರವನ್ನು ಸೀಳಿಕೊಂಡೇ ಹೋಗುತ್ತದೆ. ಎರಡೂ ಕಡೆ ಬಿರುಕು ಬಿಟ್ಟ ಮಣ್ಣು, ಮೇಲೆ ಬಿಳಿ ಉಪ್ಪು. ಹಕ್ಕಿ ಎಲ್ಲಿ? ಬಳ್ಳಾರಿಯವರಿಗೆ ತೆಲುಗು ತೊಡಕಲ್ಲವಲ್ಲ, ಚಹಾ ಅಂಗಡಿಯವನನ್ನೇ ಕೇಳಿದೆವು. ಹಿಂಗಾರು ಮಳೆಗೆ ಕೆರೆ ತುಂಬಿದ ಮೇಲೆ ಹಕ್ಕಿ ಬರುತ್ತವೆ, ಸಂಕ್ರಾಂತಿ ಹೊತ್ತಿಗೆ ಬರಬೇಕಿತ್ತು ಅಂದ. ಇದು ಏಜೆಂಟನಿಗೆ ಗೊತ್ತಿರಲಿಲ್ಲವೆಂದು ನಾನಂತೂ ನಂಬುವುದಿಲ್ಲ.

ದೋಣಿಗೆಂದು ತಮಿಳುನಾಡಿನ ಕಡೆಯ ಪಳವೇರ್ಕಾಡಿಗೆ ಕರೆದೊಯ್ದರು. 2011ರ ಡಿಸೆಂಬರ್ 25ರಂದು ಅಲ್ಲಿ ದೋಣಿ ಮಗುಚಿ 22 ಜನ ಸತ್ತಿದ್ದರು. ಆಮೇಲೆ ಪ್ರವಾಸಿಗರ ದೋಣಿ ವಿಹಾರವನ್ನೇ ನಿಷೇಧಿಸಿದರು. ಅಂದರೆ ನಮಗೆ ಮಾರಿದ್ದು ಇಲ್ಲದ ಸರಕು. ಏಜೆಂಟಿನ ಹುಡುಗ ಯಾರಿಗೋ ಫೋನ್ ಮಾಡಿ ಮೀನು ಹಿಡಿಯುವ ದೋಣಿ ತರಿಸಿದ. ಲೈಫ್ ಜಾಕೆಟ್ ಒಂದೂ ಇಲ್ಲ. "ಪೊಲೀಸರು ಕೇಳಿದರೆ ಊರಿನವರ ನೆಂಟರು ಅನ್ರಿ" ಅಂತ ಪಾಠ ಬೇರೆ!

"ಹಂಪಿಯಾಗ ತೆಪ್ಪ ಹತ್ತಾಕ ಅಂಜತೀನಿ, ಇದನ್ನ ಹತ್ತತೀನೇನಪಾ?" ಅಂತ ನಮ್ಮ ದೊಡ್ಡವ್ವ ಅಲ್ಲೇ ಕೂತುಬಿಟ್ಟಳು. ಯಾರೂ ಹತ್ತಲಿಲ್ಲ. ಸರೋವರ ಬಹಳ ಕಡೆ ಆಳವಿಲ್ಲ, ನಿಜ. ಆದರೆ ಸಮುದ್ರ ಸೇರುವ ಅಳಿವೆಯ ಹತ್ತಿರ ಉಬ್ಬರ ಇಳಿತದ ಸೆಳೆತ ಇರುತ್ತದೆ. ಮೀನು, ಸೀಗಡಿ ನಂಬಿ ಬದುಕುವ ಆ ಊರಿನವರ ಮೇಲೆ ನನಗೆ ಸಿಟ್ಟಿಲ್ಲ.

ದುಡ್ಡು ವಾಪಸ್ ಕೇಳಿದರೆ ಏಜೆಂಟ್ ಹೇಳಿದ್ದು: "ದೋಣಿ ರೆಡಿ ಇತ್ತಲ್ರೀ, ನೀವೇ ಹತ್ತಲಿಲ್ಲ." ರಸೀದಿಯಲ್ಲಿ ಬರೆದದ್ದು ಬರೀ 'ಸ್ಥಳ ವೀಕ್ಷಣೆ'. ಕಟ್ಟುವ ಮುನ್ನ ಅದನ್ನೊಮ್ಮೆ ಓದಿ.

ಇದೇ ಪೋಸ್ಟರಿನಲ್ಲಿ 'ರಾಕೆಟ್ ಉಡಾವಣೆ ದರ್ಶನ'ವೂ ಇತ್ತು. ಶ್ರೀಹರಿಕೋಟಾದ ವೀಕ್ಷಣಾ ಗ್ಯಾಲರಿಗೆ ಇಸ್ರೋ ವೆಬ್‌ಸೈಟಿನಲ್ಲಿ ಮೊದಲೇ ನೋಂದಣಿ ಮಾಡಿಸಿರಬೇಕು; ಏಜೆಂಟಿನ ಮಾತಿಗೆ ಗೇಟು ತೆರೆಯುವುದಿಲ್ಲ. ಹಕ್ಕಿಯನ್ನೇ ನೋಡಬೇಕೆಂದರೆ ಜನವರಿಯಲ್ಲಿ ಸ್ವಂತ ಗಾಡಿ ಮಾಡಿಕೊಂಡು ಹೋಗಿ. ಫ್ಲೆಮಿಂಗೊ ಆ ರಸ್ತೆಯಿಂದಲೇ ಕಾಣುತ್ತವೆ. ಹೆಜ್ಜಾರ್ಲೆಗಳಿಗೆ (ಪೆಲಿಕನ್) ಹತ್ತಿರದ ನೇಲಪಟ್ಟು ಪಕ್ಷಿಧಾಮವಿದೆ.