ಬ್ರಾಂಚಿನ ಲಾಗಿನ್ ಸರ್ವರ್: ಕೇಬಲ್ ಕಿತ್ತು ನೋಡದೆ ಬಿಲ್ಲಿಗೆ ಸಹಿ ಹಾಕಬೇಡಿ

ಮೈಸೂರಿನ ಹೆಡ್ ಆಫೀಸಿನಲ್ಲಿ ಕೂತು ಬ್ರಾಂಚುಗಳ ನೆಟ್‌ವರ್ಕ್ ನೋಡಿಕೊಳ್ಳೋದು ನನ್ನ ಕೆಲಸ. ಮಂಡ್ಯದ ಲೈನ್ ಪದೇ ಪದೇ ಹೋಗುತ್ತಿತ್ತು. ಹೋದಾಗೆಲ್ಲ ಹೊಸಬರ ಲಾಗಿನ್ ಇಲ್ಲ, ಅಲ್ಲಿನ ಫೈಲ್ ಸರ್ವರೂ ತೆರೆಯಲ್ಲ. ಸರಿ, ಅಲ್ಲೇ ಒಂದು ಡೊಮೇನ್ ಕಂಟ್ರೋಲರ್, ಅಂದರೆ ಲಾಗಿನ್ ಆಗುವವರ ಪಾಸ್‌ವರ್ಡ್ ಸರಿಯಾ ಅಂತ ನೋಡುವ ಸರ್ವರ್, ಇಡೋಣ ಅಂತಾಯ್ತು. ಬ್ರಾಂಚಿನಲ್ಲಿ ಸರ್ವರ್ ರೂಮಿಲ್ಲ, ಜೆರಾಕ್ಸ್ ಮಷೀನ್ ಪಕ್ಕದ ಮೇಜೇ ಗತಿ. ಯಾರಾದರೂ ಹೊತ್ತೊಯ್ದರೆ ಇಡೀ ಕಂಪನಿಯ ಪಾಸ್‌ವರ್ಡ್ ಕೈತಪ್ಪಬಾರದಲ್ಲ, ಅದಕ್ಕೆ ರೀಡ್-ಓನ್ಲಿ (ಓದಲು ಮಾತ್ರ, ಬದಲಿಸಲಾಗದ) ಬಗೆಯದು, ಚಿಕ್ಕದಾಗಿ ಆರ್‌ಒಡಿಸಿ. ವಿಂಡೋಸ್ ಸರ್ವರ್ 2008ರಲ್ಲಿ ಬಂದದ್ದು. ಆಯ್ಕೆ ತಪ್ಪಲ್ಲ, ಈಗಲೂ ಅದನ್ನೇ ಹಾಕುತ್ತೇನೆ.

ವೆಂಡರ್ ಕಣ್ಣೆದುರೇ ಲಾಗಿನ್ ಆಗಿ ತೋರಿಸಿದರು. ನಾನೂ ಸೀಲ್ ಒತ್ತಿ ಸಹಿ ಹಾಕಿಬಿಟ್ಟೆ.

ತಿಂಗಳು ಕಳೆದಿರಲಿಲ್ಲ. ಒಂದು ಸೋಮವಾರ ರಸ್ತೆ ಅಗೆಯುತ್ತಿದ್ದ ಜೆಸಿಬಿ ಫೈಬರ್ ಕಿತ್ತುಹಾಕಿತು. ಒಂಬತ್ತೂವರೆಗೆ ಮ್ಯಾನೇಜರ್ ಫೋನು: 'ಇಷ್ಟ್ ದುಡ್ಡ್ ಸುರಿದು ತಂದ್ ಮಡಗಿದ್ದೀರಲ್ಲ ಸಾ, ಈ ಡಬ್ಬ ಯಾತಕ್ಕೆ?' ತಮ್ಮ ಹಳೇ ಕಂಪ್ಯೂಟರಿನ ಮುಂದೆ ಕೂತವರು ಹೇಗೋ ಒಳಗೆ ಹೋಗಿದ್ದರು, ಆದರೆ ಫೈಲ್ ಸರ್ವರ್ ತೆರೆಯುತ್ತಿರಲಿಲ್ಲ. ಹೊಸದಾಗಿ ಸೇರಿದ ಇಬ್ಬರಿಗೆ ಲಾಗಿನ್ನೇ ಇಲ್ಲ.

ಮೈಸೂರಿನ ಕಂಟ್ರೋಲರಿನಲ್ಲಿ ಮಂಡ್ಯ ಸರ್ವರಿನ ಪ್ರಾಪರ್ಟೀಸ್ ತೆರೆದು, ಪಾಸ್‌ವರ್ಡ್ ರೆಪ್ಲಿಕೇಶನ್ ಪಾಲಿಸಿಯ (ಯಾರ ಪಾಸ್‌ವರ್ಡ್ ಆ ಸರ್ವರಿನಲ್ಲಿ ಇಡಬಹುದು ಅನ್ನೋ ನಿಯಮ) ಅಡ್ವಾನ್ಸ್ಡ್ ಒತ್ತಿದೆ. ಅಲ್ಲಿ ಯಾರ ಪಾಸ್‌ವರ್ಡ್ ಇದೆ ಅನ್ನೋ ಪಟ್ಟಿ. ಇದ್ದದ್ದು ಎರಡೇ ಹೆಸರು: ಆ ಸರ್ವರಿನ ಸ್ವಂತ ಅಕೌಂಟ್, ಲಾಗಿನ್ ಟಿಕೆಟ್ ಕೊಡಲು ಅದು ಬಳಸುವ ಕೆಆರ್‌ಬಿಟಿಜಿಟಿ ಅಕೌಂಟ್. ಸ್ಟಾಫಿನವರು ಒಬ್ಬರೂ ಇಲ್ಲ.

ಆರ್‌ಒಡಿಸಿ ತಾನಾಗಿ ಯಾರ ಪಾಸ್‌ವರ್ಡನ್ನೂ ಇಟ್ಟುಕೊಳ್ಳಲ್ಲ, ನಾವು ಅನುಮತಿ ಕೊಡಬೇಕು. ಲೈನ್ ಇರುವಾಗ ಬರೀ ಪೋಸ್ಟ್‌ಮ್ಯಾನ್: ಕೇಳಿದ್ದನ್ನು ಮೈಸೂರಿಗೆ ದಾಟಿಸಿ ಉತ್ತರ ತಂದುಕೊಡುತ್ತದೆ. ವೆಂಡರ್ ತೋರಿಸಿದ್ದೂ ಅದನ್ನೇ. ಲೈನ್ ಕಡಿದ ಮೇಲೆ ಪಾಸ್‌ವರ್ಡ್ ಕಳಿಸಲು ದಾರಿಯೂ ಇಲ್ಲ. ಸಂಜೆವರೆಗೆ ಬೈಸಿಕೊಂಡೆ.

ನೀವು ಹಾಕಿಸುವವರಿದ್ದರೆ ಬ್ರಾಂಚಿನ ಸ್ಟಾಫಿಗೆ ಒಂದು ಗ್ರೂಪ್ ಮಾಡಿ ಪಾಲಿಸಿಯಲ್ಲಿ ಅಲೋ ಕೊಡಿ. ಜನರಂತೆ ಕಂಪ್ಯೂಟರುಗಳಿಗೂ ಡೊಮೇನಿನಲ್ಲಿ ಅಕೌಂಟ್ ಇರುತ್ತದೆ, ಅಲ್ಲಿನವುಗಳದ್ದೂ ಅದರಲ್ಲಿರಬೇಕು, ಇದನ್ನು ಮರೆಯುವವರೇ ಹೆಚ್ಚು. ಲೈನ್ ಇರುವಾಗಲೇ ಪ್ರೀಪಾಪ್ಯುಲೇಟ್ ಮಾಡಿ, ಅಂದರೆ ಆ ಪಾಸ್‌ವರ್ಡುಗಳನ್ನು ಮೊದಲೇ ಅಲ್ಲಿಗೆ ಕಳಿಸಿಡಿ. ಡೊಮೇನ್ ಅಡ್ಮಿನ್ ಅಕೌಂಟುಗಳಿಗೆ ಮೊದಲೇ ಡಿನೈ ಇರುತ್ತದೆ, ಅದರ ತಂಟೆಗೆ ಹೋಗಬೇಡಿ. ಬ್ರಾಂಚಿನ ಸಬ್‌ನೆಟ್ (ಅಲ್ಲಿನ ಐಪಿ ವಿಳಾಸಗಳ ಗುಂಪು) ಡೊಮೇನಿನಲ್ಲಿ ಆ ಬ್ರಾಂಚಿಗೆ ಮಾಡಿದ ಸೈಟಿಗೇ ಸೇರಿದೆಯಾ, ಕಂಪ್ಯೂಟರುಗಳ ಮೊದಲ ಡಿಎನ್‌ಎಸ್ (ಯಾವ ಸರ್ವರ್ ಎಲ್ಲಿದೆ ಅಂತ ಹೇಳುವುದು) ಅಲ್ಲಿನ ಸರ್ವರೇನಾ ಅಂತಲೂ ನೋಡಿ. ಇಲ್ಲದಿದ್ದರೆ ಪಕ್ಕದಲ್ಲೇ ಸರ್ವರಿದ್ದರೂ ಅವು ಮೈಸೂರನ್ನೇ ಹುಡುಕಿಕೊಂಡು ಹೋಗುತ್ತವೆ.

ಸಹಿ ಹಾಕುವ ಮುಂಚೆ ಹೊರಗಿನ ಲೈನಿನ ಕೇಬಲ್ ಕಿತ್ತು ಲಾಗಿನ್ ಆಗಲು ಹೇಳಿ, ಅದೂ ಆ ಕಂಪ್ಯೂಟರಿನಲ್ಲಿ ಎಂದೂ ಕೂರದವರಿಗೆ. ವಿಂಡೋಸ್ ಮಾಮೂಲಾಗಿ ಹಿಂದಿನ ಹತ್ತು ಜನರ ಲಾಗಿನ್ ನೆನಪಿಟ್ಟುಕೊಂಡಿರುತ್ತದೆ. ಹಳಬರನ್ನು ಕೂರಿಸಿದರೆ ಸರ್ವರ್ ಆಫ್ ಆಗಿದ್ದರೂ ಪಾಸ್.

ನಾನೂ ಇದೆಲ್ಲ ಮಾಡಿ, ಅದರ ಮುಂದಿನ ಶನಿವಾರ ಮಂಡ್ಯಕ್ಕೆ ಹೋಗಿ, ಲೈನ್ ಕಿತ್ತು, ಇಬ್ಬರು ಹೊಸಬರನ್ನು ಒಂದೊಂದೇ ಸೀಟಿಗೆ ಕೂರಿಸುತ್ತಾ ಬಂದೆ. ಕ್ಯಾಶ್ ಕೌಂಟರಿನದು ಮಾತ್ರ ಒಪ್ಪಲಿಲ್ಲ. ಅದರ ಕಂಪ್ಯೂಟರ್ ಅಕೌಂಟ್ ಗ್ರೂಪಿಗೆ ಸೇರಿಸಲು ನಾನೇ ಮರೆತಿದ್ದೆ. ಲೈನ್ ಹಾಕಿ, ಸೇರಿಸಿ, ಪಾಸ್‌ವರ್ಡ್ ಕಳಿಸಿ, ಮತ್ತೆ ಕಿತ್ತೆ. ಈ ಸಲ ಡೆಸ್ಕ್‌ಟಾಪ್ ಬಂತು. ಮ್ಯಾನೇಜರ್ ಕಾಫಿ ತರಿಸಿದರು.