72 ಟೆಸ್ಟ್ ಮಾಡಿದರು, ಟೇಪ್ ಹಿಡಿಯಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ, ಟೈಲರ್. ವಯಸ್ಸು 46. ಹಾಸನದಲ್ಲಿ 22 ವರ್ಷದಿಂದ ಪ್ಯಾಂಟು ಶರ್ಟು ಹೊಲಿಯುತ್ತಿದ್ದೇನೆ. ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವ ಒಂದು ಲ್ಯಾಬಿನ ಹಾರ್ಟ್ ಪ್ಯಾಕೇಜ್ ಬಗ್ಗೆ ಬರೆಯುತ್ತಿದ್ದೇನೆ. ಲ್ಯಾಬಿನ ಹೆಸರು ಬೇಡ. ಇಂಥ ಪ್ಯಾಕೇಜು ಈಗ ಹತ್ತು ಕಡೆ ಸಿಗುತ್ತದೆ, ಎಲ್ಲವೂ ಹೆಚ್ಚುಕಮ್ಮಿ ಒಂದೇ ಥರ.

ತೆಗೆದುಕೊಂಡದ್ದು ಹೆದರಿಕೆಯಿಂದ. 2025ರ ಜೂನ್ ನೆನಪಿದೆಯಲ್ವಾ? ನಮ್ಮ ಜಿಲ್ಲೆಯಲ್ಲಿ ಹಾರ್ಟ್ ಅಟ್ಯಾಕ್ ಆಗಿ ಹೋದವರ ಸುದ್ದಿ ದಿನಾ ಟಿವಿಯಲ್ಲಿ ಬರುತ್ತಿತ್ತು. ಚಿಕ್ಕ ವಯಸ್ಸಿನವರೂ ಇದ್ದರು. ಮೈಸೂರು ಜಯದೇವದ ಮುಂದೆ ಬೆಳಗ್ಗೆ ಬೆಳಗ್ಗೆಯೇ ಸಾಲು. ನಮ್ಮ ಬೀದಿಯಲ್ಲಿ ಯಾರಿಗೆ ತೇಗು ಬಂದರೂ ಇಸಿಜಿಗೆ ಓಡುತ್ತಿದ್ದರು. ಆಗ ಮೊಬೈಲಿಗೆ ಜಾಹೀರಾತು ಬಂತು. 72 ಟೆಸ್ಟ್, 1,799 ರೂಪಾಯಿ, ಮನೆಗೇ ಬರುತ್ತಾರೆ. ಹೆಂಡತಿ, "ತಗೊಳ್ಳಿ, ಎರಡು ಪ್ಯಾಂಟಿನ ಕೂಲಿ ತಾನೆ" ಅಂದಳು.

ಒಳ್ಳೆಯದನ್ನು ಮೊದಲು ಹೇಳಬೇಕು. ಬಂದ ಹುಡುಗ ಬಂಗಾರ. ಬೆಳಗ್ಗೆ ಆರೂವರೆಗೆ ಅಂದಿದ್ದ, ಆರೂವರೆಗೇ ಬಂದ. ರಾತ್ರಿ ಎಷ್ಟು ಗಂಟೆಗೆ ಊಟ, ಬೆಳಗ್ಗೆ ಕಾಫಿ ಕುಡಿದಿರಾ ಅಂತ ಕೇಳಿದ. ಹೊಸ ಸೂಜಿಯ ಪ್ಯಾಕೆಟನ್ನು ನನ್ನ ಎದುರಿಗೇ ಒಡೆದ. ಸೂಜಿ ಹಿಡಿಯುವ ಕೈಯನ್ನು ನಾನು ನೋಡಿದ ಕೂಡಲೇ ಗುರುತು ಹಿಡಿಯುತ್ತೇನೆ. ಅವನದು ಪಳಗಿದ ಕೈ, ಒಂದೇ ಸಲಕ್ಕೆ ಸಿಕ್ಕಿತು. ಸಂಜೆ ಐದಕ್ಕೆ ರಿಪೋರ್ಟ್ ಮೊಬೈಲಿನಲ್ಲಿತ್ತು.

ಅಲ್ಲಿಗೆ ಒಳ್ಳೆಯದು ಮುಗಿಯಿತು.

ರಿಪೋರ್ಟ್ 14 ಪುಟ. 72 ಅಂದರೆ 72 ಬೇರೆ ಬೇರೆ ಟೆಸ್ಟ್ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ರಕ್ತಕಣಗಳ ಲೆಕ್ಕವೊಂದರಲ್ಲೇ 24 ಸಾಲು. ಮೂತ್ರದಲ್ಲಿ ಬಣ್ಣಕ್ಕೊಂದು ಸಾಲು, ತಿಳಿಯಾಗಿದೆಯೇ ಅನ್ನುವುದಕ್ಕೊಂದು ಸಾಲು. ಕೊಲೆಸ್ಟ್ರಾಲ್ ಪುಟ ಇನ್ನೂ ಮಜವಾಗಿತ್ತು. ನಿಜವಾಗಿ ಅಳೆದದ್ದು ಮೂರು: ಒಟ್ಟು ಕೊಲೆಸ್ಟ್ರಾಲ್, 'ಒಳ್ಳೆಯ ಕೊಲೆಸ್ಟ್ರಾಲ್' ಅನ್ನುವ ಎಚ್‌ಡಿಎಲ್, ರಕ್ತದಲ್ಲಿ ಓಡಾಡುವ ಕೊಬ್ಬಾದ ಟ್ರೈಗ್ಲಿಸರೈಡ್. ಮಿಕ್ಕದ್ದೆಲ್ಲ ಕೂಡಿ ಕಳೆದು ಭಾಗಿಸಿದ್ದು. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ ವಿಎಲ್‌ಡಿಎಲ್. ಒಟ್ಟರಲ್ಲಿ ಅದನ್ನೂ ಎಚ್‌ಡಿಎಲ್‌ಅನ್ನೂ ಕಳೆದರೆ ಎಲ್‌ಡಿಎಲ್, ಅಂದರೆ 'ಕೆಟ್ಟ ಕೊಲೆಸ್ಟ್ರಾಲ್'. ಮೂರು ಅಳೆದು ಎಂಟು ಅಂತ ಎಣಿಸಿದ್ದಾರೆ. ಲೆಕ್ಕ ತಪ್ಪಲ್ಲ, ಎಷ್ಟೋ ಲ್ಯಾಬ್‌ಗಳಲ್ಲಿ ಹೀಗೇ ಮಾಡುತ್ತಾರಂತೆ. ಆದರೆ ನಾನು ಒಂದು ಶರ್ಟಿಗೆ ತೋಳು, ಕಾಲರ್, ಗುಂಡಿ, ಕಾಜಾ ಅಂತ ಬೇರೆ ಬೇರೆ ಎಣಿಸಿ 'ಹತ್ತೊಂಬತ್ತು ಕೆಲಸ' ಅಂತ ಬೋರ್ಡ್ ಹಾಕಿದರೆ ಗಿರಾಕಿ ಸುಮ್ನೆ ಬಿಡುತ್ತಾನಾ?

ನನ್ನ ಅಂಕಿಗಳು ಹೀಗಿದ್ದವು. ಖಾಲಿ ಹೊಟ್ಟೆಯ ಶುಗರ್ 108. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.9. ಒಟ್ಟು ಕೊಲೆಸ್ಟ್ರಾಲ್ 182, ಎಲ್‌ಡಿಎಲ್ 106, ಟ್ರೈಗ್ಲಿಸರೈಡ್ 212, ಎಚ್‌ಡಿಎಲ್ 34. ಎತ್ತರ ಐದಡಿ ಆರಿಂಚು, ತೂಕ 66 ಕಿಲೋ. ಅದಕ್ಕೆ ಬಿಎಂಐ (ಎತ್ತರಕ್ಕೆ ತಕ್ಕ ತೂಕವೇ ಅಂತ ನೋಡುವ ಲೆಕ್ಕ) 23.5 ಅಂತ ಹಾಕಿ, ಪಕ್ಕದಲ್ಲಿ ಹಸಿರು ಬಣ್ಣದಲ್ಲಿ 'ನಾರ್ಮಲ್'. ಒಟ್ಟು ಕೊಲೆಸ್ಟ್ರಾಲೂ ಹಸಿರು. ಶುಗರ್ ಹಳದಿ. ಟ್ರೈಗ್ಲಿಸರೈಡ್, ಎಚ್‌ಡಿಎಲ್ ಕೆಂಪು. ವಿಟಮಿನ್ ಡಿ ಕಡುಗೆಂಪು.

ಪ್ಯಾಕೇಜಿನ ಜೊತೆ 'ತಜ್ಞರ ಸಲಹೆ ಉಚಿತ' ಅಂತಿತ್ತು. ಮಾರನೇ ದಿನ ಫೋನ್ ಬಂತು. ನಾಲ್ಕು ನಿಮಿಷ. ಅದರಲ್ಲಿ ಮೂರು ನಿಮಿಷ ವಿಟಮಿನ್ ಡಿ. "ಶುಗರ್ ಸ್ವಲ್ಪ ಬಾರ್ಡರ್ ಸಾರ್, ಸ್ವೀಟ್ ಕಡಿಮೆ ಮಾಡಿ. ಕೊಲೆಸ್ಟ್ರಾಲ್ ಚೆನ್ನಾಗಿದೆ. ಟ್ರೈಗ್ಲಿಸರೈಡ್ ಜಾಸ್ತಿ, ಎಣ್ಣೆ ಕಡಿಮೆ ಮಾಡಿ." ಇಷ್ಟೇ. ಆಮೇಲೆ ದೊಡ್ಡ ಪ್ಯಾಕೇಜ್ ತಗೊಂಡರೆ ಎಷ್ಟು ರಿಯಾಯಿತಿ ಅಂತ ಹೇಳಿದರು. ನಮ್ಮ ಅಪ್ಪ 52ಕ್ಕೆ ಹಾರ್ಟ್ ಅಟ್ಯಾಕ್ ಆಗಿ ಹೋದವರು. ಅದನ್ನು ಯಾರೂ ಕೇಳಲಿಲ್ಲ. ಬುಕ್ ಮಾಡುವಾಗ ಕೂಪನ್ ಕೋಡ್ ಇದೆಯಾ ಅಂತ ಎರಡು ಸಲ ಕೇಳಿದ್ದರು. ಬೀಡಿ ಸಿಗರೇಟು ಇದೆಯಾ, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದೆಯಾ ಅಂತ ಒಂದು ಸಲವೂ ಇಲ್ಲ. ಹಾರ್ಟ್ ಪ್ಯಾಕೇಜ್ ಅಂತ ಹೆಸರು, ಬಿಪಿ ನೋಡುವುದೇ ಇಲ್ಲ!

ರಿಪೋರ್ಟ್ ಮೇಜಿನ ಡ್ರಾಯರಿಗೆ ಹೋಗುವುದರಲ್ಲಿತ್ತು. ನಮ್ಮ ಆಶಾ ಕಾರ್ಯಕರ್ತೆ ಬ್ಲೌಸ್ ಹೊಲಿಸಲು ಬಂದವರು ನೋಡಿ, "ಇದನ್ನು ತಗೊಂಡು ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ಗೆ, ಅದೇ ಬಿಪಿ ಶುಗರಿನಂಥ ಅಂಟದ ಕಾಯಿಲೆಗಳ ವಿಭಾಗಕ್ಕೆ ಹೋಗಿ, 30 ದಾಟಿದವರಿಗೆಲ್ಲ ಬಿಪಿ ಶುಗರ್ ಪುಕ್ಕಟೆ ನೋಡುತ್ತಾರೆ" ಅಂದರು. ಹೋದೆ. ಒಂದೂವರೆ ಗಂಟೆ ಕಾದೆ, ಅದೂ ನಿಂತು. ಅದನ್ನು ಹೇಳದಿದ್ದರೆ ಮೋಸವಾಗುತ್ತದೆ.

ಮೆಟ್ಟಿಲು ಹತ್ತಿ ಬಂದ ಕೂಡಲೇ ಬಿಪಿ 138/88 ಬಂತು. ಅಲ್ಲಿದ್ದ ಡಾಕ್ಟರ್, ಚಿಕ್ಕ ವಯಸ್ಸಿನ ಹೆಣ್ಣುಮಗಳು, "ಐದು ನಿಮಿಷ ಬೆನ್ನು ಆನಿಸಿ ಕೂತ್ಕೊಳ್ಳಿ, ಮಾತಾಡಬೇಡಿ" ಅಂದರು. ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಿ ಮತ್ತೆ ನೋಡಿದರು. 126/82. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಕೇಳಿ ನಗು ಬಂತು. "ಸೊಂಟ ಎಷ್ಟು?"

ನಾನು ಹೆಮ್ಮೆಯಿಂದ 34 ಅಂದೆ.

"ಪ್ಯಾಂಟಿನ ಸೈಜ್ ಅಲ್ಲ," ಅಂದರು.

ಟೈಲರಿಗೆ ಸೊಂಟ ಅಳೆಯುವುದನ್ನು ಹೇಳಿಕೊಟ್ಟರು ನೋಡಿ! ಕೊನೆಯ ಪಕ್ಕೆಲುಬು ಮುಗಿಯುವ ಜಾಗ, ಸೊಂಟದ ಮೂಳೆ ಶುರುವಾಗುವ ಜಾಗ, ಇವೆರಡರ ನಟ್ಟನಡುವೆ ಟೇಪ್ ಸುತ್ತಬೇಕು. ಬಿಗಿ ಮಾಡಬಾರದು, ಹೊಟ್ಟೆ ಎಳೆದುಕೊಳ್ಳಬಾರದು, ಮಾಮೂಲಿಯಾಗಿ ಉಸಿರು ಬಿಟ್ಟಾಗ ಓದಬೇಕು. ಟೇಪ್ ನನ್ನ ಜೇಬಿನಲ್ಲೇ ಇತ್ತು. ಮೂವತ್ತೇಳೂವರೆ ಇಂಚು, ಅಂದರೆ 95 ಸೆಂ.ಮೀ. ನಮ್ಮಂಥ ದಕ್ಷಿಣ ಏಷ್ಯಾದ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಎಚ್ಚರಿಕೆಯ ಗಂಟೆಯಂತೆ.

ಇದು ನನಗೆ ಗೊತ್ತಿರಬೇಕಿತ್ತು. ಗಂಡಸರು ಹೊಟ್ಟೆ ಬಂದ ಹಾಗೆ ಪ್ಯಾಂಟನ್ನು ಕೆಳಗೆ ಇಳಿಸುತ್ತಾ ಹೋಗುತ್ತಾರೆ. ಹೊಟ್ಟೆ ಬೆಲ್ಟಿನ ಮೇಲೆ ಕೂತಿರುತ್ತದೆ, ಸೈಜ್ ಮಾತ್ರ 34. ಹತ್ತು ವರ್ಷದಿಂದ ಅದೇ ಸೈಜ್ ಅಂತ ಕೊಚ್ಚಿಕೊಳ್ಳುವವರಿಗೆಲ್ಲ ನಾನೇ ಮುಂದೆ ಇಳಿಸಿ ಹಿಂದೆ ಏರಿಸಿ ಕತ್ತರಿಸಿ ಕೊಟ್ಟಿದ್ದೇನೆ.

ಡಾಕ್ಟರ್ ನನ್ನ 14 ಪುಟದಲ್ಲಿ ಮೂರು ಅಂಕಿಗೆ ಪೆನ್ನಿನಲ್ಲಿ ಸುತ್ತು ಹಾಕಿದರು. ಪಕ್ಕದಲ್ಲಿ ಸೊಂಟ, ಬಿಪಿ ಬರೆದರು. ಒಟ್ಟು ಐದು. ಸೊಂಟ 90 ಮುಟ್ಟಿದೆಯೇ? ಟ್ರೈಗ್ಲಿಸರೈಡ್ 150 ಮುಟ್ಟಿದೆಯೇ? ಎಚ್‌ಡಿಎಲ್ ಗಂಡಸಿಗೆ 40ಕ್ಕಿಂತ, ಹೆಂಗಸಿಗೆ 50ಕ್ಕಿಂತ ಕಡಿಮೆಯೇ? ಖಾಲಿ ಹೊಟ್ಟೆಯ ಶುಗರ್ 100 ಮುಟ್ಟಿದೆಯೇ? ಬಿಪಿ 130/85 ಮುಟ್ಟಿದೆಯೇ? ಇದರಲ್ಲಿ ಮೂರು ಇದ್ದರೂ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ. ನನಗೆ ನಾಲ್ಕಿತ್ತು. ಲ್ಯಾಬಿನವರ ಬಣ್ಣದಲ್ಲಿ ಇದು ಎರಡು ಕೆಂಪು, ಒಂದು ಹಳದಿ, ಅಷ್ಟೇ.

"ಇವು ಬೇರೆ ಬೇರೆ ಕಾಯಿಲೆ ಅಲ್ಲ, ಒಂದೇ ಬೇರಿನ ಕೊಂಬೆಗಳು" ಅಂದರು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹೊಟ್ಟೆಯೊಳಗೆ, ಲಿವರಿನಲ್ಲಿ ಕೊಬ್ಬು ತುಂಬಿದಾಗ, ಶುಗರ್ ಇಳಿಸುವ ಇನ್ಸುಲಿನ್ ಮಾತನ್ನು ಮೈ ಕೇಳುವುದಿಲ್ಲ. ಮೈ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತದೆ. ಹಾಗಾಗಿ ಶುಗರ್ ಎಷ್ಟೋ ವರ್ಷ ಸರಿಯಾಗೇ ಕಾಣುತ್ತದೆ. ಅಷ್ಟರಲ್ಲಿ ಲಿವರ್ ರಕ್ತಕ್ಕೆ ಟ್ರೈಗ್ಲಿಸರೈಡ್ ತಳ್ಳುತ್ತಿರುತ್ತದೆ. ಅದು ಏರಿದ ಹಾಗೆ ಎಚ್‌ಡಿಎಲ್ ಇಳಿಯುತ್ತದೆ. ಎಲ್‌ಡಿಎಲ್ ಕಣಗಳು ಸಣ್ಣವಾಗುತ್ತವೆ, ಎಣಿಕೆಯಲ್ಲಿ ಜಾಸ್ತಿಯಾಗುತ್ತವೆ. ತೂಕದ ಲೆಕ್ಕದಲ್ಲಿ 106 ಅಂತ ಸಾಧುವಾಗಿ ಕಂಡರೂ ರಕ್ತನಾಳದ ಗೋಡೆಗೆ ನುಗ್ಗುವ ಕಣಗಳು ಬಹಳ. "182ರಲ್ಲಿ ನಿಮ್ಮ 34 ಕಳೆಯಿರಿ. 148. ಆ 148 ಪೂರ್ತಿ ನಾಳ ಕಟ್ಟುವ ಜಾತಿಯದು. ನಾನು ನೋಡುವುದು ಇದನ್ನ" ಅಂದರು. ಆ 148 ರಿಪೋರ್ಟಿನಲ್ಲೇ ಇತ್ತು, ಕೊನೆಯ ಸಾಲಿನಲ್ಲಿ.

ಅಂದರೆ ಶುಗರ್ ಕಾಯಿಲೆ ಅಂತ ಹೆಸರು ಬರುವ ಮುಂಚೆಯೇ ಹೃದಯಕ್ಕೆ ಪೆಟ್ಟು ಬೀಳಲು ಶುರುವಾಗಿರಬಹುದು. ಇದು ಹೊಸ ವಿಚಾರವೂ ಅಲ್ಲ. ಅಮೆರಿಕದ ಡಾಕ್ಟರ್ ಜೆರಾಲ್ಡ್ ರೀವನ್ 1988ರಲ್ಲೇ ಇದಕ್ಕೆ 'ಸಿಂಡ್ರೋಮ್ ಎಕ್ಸ್' ಅಂತ ಹೆಸರಿಟ್ಟಿದ್ದರಂತೆ. ಮಗ ಒಂದು ಫೋಟೋ ತೋರಿಸಿದ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಇಬ್ಬರದೂ ಬಿಎಂಐ 22.3. ಆದರೆ ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2! ಆ ಫೋಟೋ ನೋಡಿ ನನಗೆ ಆಶ್ಚರ್ಯ ಆಗಲಿಲ್ಲ. ಸಣ್ಣ ತೊಡೆ, ಸಣ್ಣ ತೋಳು, ಮುಂದೆ ಹೊಟ್ಟೆ. ಅರ್ಧ ಹಾಸನಕ್ಕೆ ನಾನು ಹೊಲಿಯುವುದು ಇದೇ ಮೈಗೆ. ಲ್ಯಾಬಿನ ಹಸಿರು 'ನಾರ್ಮಲ್' ಬಗ್ಗೆ ಕೇಳಿದಾಗ ಡಾಕ್ಟರ್, ನಮ್ಮವರಿಗೆ 23ರಿಂದಲೇ ಜಾಸ್ತಿ ಅಂತ ಲೆಕ್ಕ, ಲ್ಯಾಬಿನವರು 25 ಇಟ್ಟುಕೊಂಡಿದ್ದಾರೆ ಅಂದರು.

ಆ ರಾತ್ರಿ ಹಳೆಯ ಅಳತೆ ಪುಸ್ತಕಗಳನ್ನು ತೆಗೆದು ಕೂತೆ. ಶರ್ಟಿಗೆ ಎದೆ, ಹೊಟ್ಟೆ ಎರಡೂ ಬರೆದಿರುತ್ತೇವೆ. ಒಬ್ಬರು ಮದುವೆ ಸೂಟ್ ಹೊಲಿಸಿದಾಗ ಎದೆ 36, ಹೊಟ್ಟೆ 31. ಕಳೆದ ಯುಗಾದಿಗೆ ಎದೆ 38, ಹೊಟ್ಟೆ 40. ಪುಟ ತಿರುಗಿಸಿದಂತೆಲ್ಲ ಇದೇ ಕಥೆ. ಕೆಲವು ಹೆಸರಿನ ಮುಂದೆ ಹೊಟ್ಟೆಯ ಅಳತೆ 41ಕ್ಕೋ 42ಕ್ಕೋ ನಿಂತುಹೋಗಿದೆ. ಅವರು ಈಗಿಲ್ಲ. ಯಾಕೆ ಹೋದರು ಅಂತ ಪುಸ್ತಕದಲ್ಲಿ ಬರೆದಿರುವುದಿಲ್ಲವಲ್ಲ.

ಹೆಂಡತಿಯದೂ ಒಂದು ಮಾತು ಸೇರಿಸುತ್ತೇನೆ. ಮಗ ಹೊಟ್ಟೆಯಲ್ಲಿದ್ದಾಗ ಅವಳಿಗೆ ಶುಗರ್ ಬಂದು, ಹೆರಿಗೆಯಾದ ಮೇಲೆ ಹೋಗಿತ್ತು. ಹೋಯಿತು ಅಂತ ಮರೆತೇಬಿಟ್ಟಿದ್ದೆವು. ಅಂಥವರಿಗೆ ಮುಂದೆ ಶುಗರ್, ಹೃದಯದ ತೊಂದರೆ ಎರಡೂ ಬರುವ ಸಂಭವ ಜಾಸ್ತಿ, ಅವರನ್ನೂ ಕರೆತನ್ನಿ ಅಂದರು ಡಾಕ್ಟರ್. ಲ್ಯಾಬಿನ 'ಮಹಿಳಾ ಪ್ಯಾಕೇಜ್' ನೋಡಿದೆ. ಥೈರಾಯ್ಡ್ ಸೇರಿಸಿ ಬಣ್ಣ ಗುಲಾಬಿ ಮಾಡಿದ್ದಾರೆ. ಈ ಪ್ರಶ್ನೆ ಅದರಲ್ಲೂ ಇಲ್ಲ.

ನನಗೆ ಮಾತ್ರೆ ಕೊಡಲಿಲ್ಲ. ಮೂರು ತಿಂಗಳು ನೋಡೋಣ ಅಂದರು. ಎಣ್ಣೆಗಿಂತ ಮೊದಲು ಅನ್ನ, ಸಕ್ಕರೆ, ಬೇಕರಿ ತಿಂಡಿ ಇಳಿಸಿ, ನಿಮ್ಮ ಟ್ರೈಗ್ಲಿಸರೈಡಿಗೆ ಅದೇ ದಾರಿ ಅಂದರು. ಫೋನಿನವರು ಹೇಳಿದ್ದಕ್ಕೆ ಉಲ್ಟಾ. ಮುದ್ದೆ ತಿಂದರೆ ಶುಗರ್ ಬರಲ್ಲ ಅಲ್ವಾ ಅಂದೆ. "ಮುದ್ದೆ ಎಷ್ಟು ದೊಡ್ಡದು?" ಅಂದರು. ಕೈಯಲ್ಲಿ ತೋರಿಸಿದೆ. ನಕ್ಕರು. ದಿನಕ್ಕೆ ಹತ್ತು ಗಂಟೆ ಮೆಷಿನ್ ಮುಂದೆ ಕೂರುವವನು ನಾನು. ಅಂಗಡಿಗೆ ಸ್ಕೂಟರ್ ಬಿಟ್ಟು ನಡೆದೇ ಹೋಗಲು ಶುರು ಮಾಡಿದೆ. ಐದು ಟೀ ಎರಡಾಯಿತು, ಸಕ್ಕರೆ ಅರ್ಧ ಚಮಚ.

ಅಕ್ಟೋಬರಿನಲ್ಲಿ ಪಕ್ಕದ ಬೀದಿಯ ಸಣ್ಣ ಲ್ಯಾಬಿನಲ್ಲಿ ಬೇಕಾದದ್ದಷ್ಟೇ ಮಾಡಿಸಿದೆ. 450 ರೂಪಾಯಿ. ಶುಗರ್ 101, ಟ್ರೈಗ್ಲಿಸರೈಡ್ 161. ಎಚ್‌ಡಿಎಲ್ ಹಠಮಾರಿ, 35ರಲ್ಲೇ ಇದೆ. ಸೊಂಟ 36 ಇಂಚು. ಇನ್ನೂ ಅರ್ಧ ಇಂಚಿಗಿಂತ ಜಾಸ್ತಿ ಇಳಿಯಬೇಕು.

ಹಾಗಾದರೆ ಆ ಪ್ಯಾಕೇಜ್ ದಂಡವಾ? ಪೂರ್ತಿ ಅಲ್ಲ. ಅಂಕಿಗಳು ಸರಿಯಾಗೇ ಇದ್ದವು, ಅದಿಲ್ಲದೆ ನಾನು ಡಾಕ್ಟರ್ ಹತ್ತಿರ ಹೋಗುತ್ತಿರಲಿಲ್ಲ. ಆದರೆ ತೋಳು, ಕಾಲರ್, ಬೆನ್ನು ಎಲ್ಲ ನೀಟಾಗಿ ಕತ್ತರಿಸಿ ಚೀಲಕ್ಕೆ ಹಾಕಿ ಕೊಟ್ಟರು, ಶರ್ಟ್ ಹೊಲಿದು ಕೊಡಲಿಲ್ಲ. ಐದಕ್ಕೆ ಎರಡು ಸ್ಟಾರ್, ಎರಡೂ ಆ ಹುಡುಗನಿಗೆ.

ಮೊನ್ನೆ ರಿನ್ಯೂ ಮಾಡಿಸಿ ಅಂತ ಆ ಲ್ಯಾಬಿನಿಂದ ಫೋನ್ ಬಂತು. ಈಗ 86 ಟೆಸ್ಟ್ ಅಂತೆ. "ಸೊಂಟದ ಅಳತೆ ಸೇರಿಸಿದ್ದೀರಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಕೀಬೋರ್ಡ್ ಸದ್ದು. "ಆ ಟೆಸ್ಟ್ ನಮ್ಮ ಲಿಸ್ಟಿನಲ್ಲಿ ಕಾಣ್ತಿಲ್ಲ ಸಾರ್, ಅದಕ್ಕೆ ಖಾಲಿ ಹೊಟ್ಟೆ ಇರಬೇಕಾ?" ಅಂದಳು ಹುಡುಗಿ. ವಿಚಾರಿಸಿ ಫೋನ್ ಮಾಡುತ್ತೇನೆ ಅಂದವಳು ಇನ್ನೂ ಮಾಡಿಲ್ಲ.